ಹಡಗಿನ ಚರಿತ್ರೆ ಬರೆಸಿದವರು

ನನ್ನ ಟೈಪಿಂಗ್ ಕ್ಲಾಸಿನ ಮೆಟ್ಟಿಲು ಹತ್ತಿ ಬಂದವರಲ್ಲಿ ಟೈಪಿಂಗ್ ಕಲಿಯುವ ಉದ್ದೇಶವೇ ಇಲ್ಲದೆ ಬಂದವರು ಅವರೊಬ್ಬರೇ. ಬಂಟ್ವಾಳ ಪೇಟೆಯ ಒಂದು ಜವಳಿ ಅಂಗಡಿಯ ಮಾಳಿಗೆಯಲ್ಲಿ ನಾಲ್ಕು ಮೆಷಿನ್ ಇಟ್ಟುಕೊಂಡು ನಾನು ಕ್ಲಾಸು ನಡೆಸುತ್ತಿದ್ದ ಕಾಲ ಅದು. ಎಪ್ಪತ್ತೇಳೋ ಎಪ್ಪತ್ತೆಂಟೋ ಇರಬೇಕು. ನನಗೆ ಇಪ್ಪತ್ತೆರಡು ವರ್ಷ, ಅವರಿಗೆ ಐವತ್ತೆಂಟರ ಆಸುಪಾಸು. ಬೆಳಗಿನ ಬ್ಯಾಚಿನ ಹುಡುಗಿಯರು ಹೋದ ಮೇಲೆ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಒಂದು ಕಟ್ಟು ಬಸಳೆ.

"ಟೀಚರ್, ಒಂದು ಕಪ್ಪಲಿನ ಚರಿತ್ರೆ ಉಂಟು. ಇಂಗ್ಲಿಷಿನಲ್ಲಿ ಟೈಪು ಮಾಡಿ ಬಿಲಾತಿಗೆ ಕಳಿಸ್ಬೇಕಿತ್ತು. ನಾನು ಹೇಳ್ತೇನೆ, ನೀವು ಹೊಡೀರಿ."

ಅವರು ಯಾರೆಂದು ಪಾಣೆಮಂಗಳೂರಿನಿಂದ ಸಿದ್ಧಕಟ್ಟೆಯವರೆಗೆ ಎಲ್ಲರಿಗೂ ಗೊತ್ತಿತ್ತು. ನದಿದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಹಂಚು ಸುಡುವ ಗೂಡಿಗೆ ಬೆಂಕಿ ಹಾಕುವ ಕೆಲಸ. ಅದಕ್ಕೂ ಮೊದಲು, ಪ್ರಾಯದಲ್ಲಿ, ಬೊಂಬಾಯಿಯಿಂದ ಹೊರಡುವ ಒಂದು ಸಾಮಾನು ಹಡಗಿನಲ್ಲಿ ಕಲ್ಲಿದ್ದಲು ಹಾಕುತ್ತಿದ್ದವರು. ದೊಡ್ಡ ಯುದ್ಧದಲ್ಲಿ ಆ ಹಡಗನ್ನು ಶತ್ರುಗಳು ಹೊಡೆದು ಮುಳುಗಿಸಿದಾಗ ಒಂದು ಹಲಗೆ ಹಿಡಿದು ಎರಡು ದಿನ ಸಮುದ್ರದಲ್ಲಿ ತೇಲಿ ಬದುಕಿ ಬಂದವರು. ಹಾಗಾಗಿ ಊರಿನವರ ಬಾಯಲ್ಲಿ ಅವರು 'ಕಪ್ಪಲ್ದಾರ್', ಅಂದರೆ ಹಡಗಿನವರು. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರು ಒಮ್ಮೆ ಬರೆಯಬಾರದ ಕಡೆ ಬರೆದುಹೋಗಿ ಆದದ್ದೇ ಸಾಕಷ್ಟಾಯಿತು.

ಅವರ ಕಥೆಯನ್ನು ನಾನು ಎಂಟನೇ ಕ್ಲಾಸಿನಲ್ಲೇ ಕೇಳಿದ್ದೆ. ವರ್ಷಕ್ಕೊಮ್ಮೆ ನಮ್ಮ ಹೈಸ್ಕೂಲಿಗೆ ಅವರನ್ನು ಕರೆಸಿ ಮಕ್ಕಳ ಮುಂದೆ ಮಾತಾಡಿಸುತ್ತಿದ್ದರು. ಬಿಳಿ ಅಂಗಿ ಹಾಕಿಕೊಂಡು, ಕುರ್ಚಿ ಕೊಟ್ಟರೂ ಕೂರದೆ, ವೇದಿಕೆಯ ಮೇಲೆ ಅತ್ತಿತ್ತ ನಡೆಯುತ್ತಾ ಹೇಳುತ್ತಿದ್ದರು. ಪ್ರತಿ ವರ್ಷವೂ ಅವೇ ಮಾತು, ಅದೇ ಕ್ರಮ, ಅದೇ ಜಾಗದಲ್ಲಿ ಒಂದು ಕ್ಷಣದ ಮೌನ. ನಮಗೆ ಮೈ ಜುಂ ಎನ್ನುತ್ತಿತ್ತು.

ನನ್ನ ಮಾಳಿಗೆಯಲ್ಲೂ ಅವರು ಕೂರಲಿಲ್ಲ. ಬಾಗಿಲಿನಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ಅಷ್ಟುದ್ದಕ್ಕೆ ನಡೆಯುತ್ತಾ ಹೇಳುತ್ತಿದ್ದರು, ನಾನು ಮೊದಲು ಕನ್ನಡದಲ್ಲಿ ಗೀಚಿಕೊಂಡು ಆಮೇಲೆ ನನಗೆ ತಿಳಿದ ಇಂಗ್ಲಿಷಿಗೆ ಇಳಿಸಿ ಟೈಪು ಮಾಡುತ್ತಿದ್ದೆ. ಹಳೆಯ ಮರದ ನೆಲ ಅವರ ಕಾಲಿನಡಿ ಕಿರುಗುಟ್ಟುತ್ತಿತ್ತು. ಕೆಳಗಿನ ಅಂಗಡಿಯವರು ಎರಡು ಸಲ ಮೇಲೆ ಬಂದು, "ಎಂತ ಟೀಚರ್, ಮೇಲೆ ಯಾರಾದರೂ ಭತ್ತ ಮೆಟ್ಟುತ್ತಾರಾ?" ಎಂದು ಕೇಳಿಹೋದರು.

"ಹಡಗು ಎಷ್ಟು ಫೂಟು ಉದ್ದ ಮಾಮ?" ನಾನು ಕೇಳಿದೆ.

"ಫೂಟು ಗೊತ್ತಿಲ್ಲ. ಮುಂದಿನ ತುದಿಯಿಂದ ಹಿಂದಿನ ತುದಿಗೆ ನನ್ನ ಹೆಜ್ಜೆಯಲ್ಲಿ ನೂರ ಅರವತ್ತು. ಹಾಗೇ ಹಾಕಿ."

"ಬಿಲಾತಿಯವರಿಗೆ ನಿಮ್ಮ ಹೆಜ್ಜೆ ಎಷ್ಟೆಂದು ಹೇಗೆ ಗೊತ್ತಾಗ್ತದೆ?"

ಅವರು ನಿಂತು ಯೋಚಿಸಿದರು. "ಐದಡಿ ಆರಿಂಚಿನ ಮನುಷ್ಯನ ಹೆಜ್ಜೆ ಅಂತ ಬರೆಯಿರಿ."

ಹಾಗೆಯೇ ಬರೆದೆ. ಬಹಳ ದಿನ ನಡೆಯಿತು ಆ ಕೆಲಸ. ಕಾರ್ಖಾನೆಯ ಪಾಳಿ ಮುಗಿಸಿ ವಾರಕ್ಕೆ ಎರಡೋ ಮೂರೋ ಸಲ ಬರುತ್ತಿದ್ದರು. ಆ ಹಡಗಿನಲ್ಲಿ ನಾಲ್ಕು ವರ್ಷ ದುಡಿದಿದ್ದರು. ಅದರ ಒಳಗಿನದೆಲ್ಲ ಅವರಿಗೆ ಅಂಗೈಯ ಗೆರೆಯಂತೆ ಗೊತ್ತಿತ್ತು. ಕೆಳಗೆ ಎರಡು ಬಾಯ್ಲರು, ಆರು ಒಲೆಬಾಯಿ, ಎಡಗಡೆಯ ಮೂರನೆಯದರ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಕಲ್ಕತ್ತೆಯ ಕಲ್ಲಿದ್ದಲಿಗೆ ಬೂದಿ ಹೆಚ್ಚು, ಆಫ್ರಿಕದ್ದಕ್ಕೆ ಕಡಿಮೆ. ರಂಗೂನಿನಿಂದ ಅಕ್ಕಿ ತುಂಬಿದಾಗ ಇಡೀ ಹಡಗು ನಮ್ಮ ಊರಿನ ಮಿಲ್ಲಿನ ಹಾಗೆ ವಾಸನೆ ಬರುತ್ತಿತ್ತು. ಒಂದು ಸಲ ಸೈನ್ಯಕ್ಕೆಂದು ಹೇಸರಗತ್ತೆಗಳನ್ನು ಹತ್ತಿಸಿದರು. ಅವು ಬಸ್ರಾ ತಲುಪುವವರೆಗೆ ಒದ್ದ ಒದೆತಕ್ಕೆ ಕೆಳಗೆ ಬೆಂಕಿ ಹಾಕುವವರ ತಲೆಯ ಮೇಲೆ ತುಕ್ಕು ಉದುರುತ್ತಿತ್ತು. ಯುದ್ಧ ಸುರುವಾದ ಮೇಲೆ ಕಪ್ಪುಬಿಳಿ ಹಡಗಿಗೆ ಬೂದಿ ಬಣ್ಣ ಬಳಿದರು, ಕಿಟಕಿಗಳಿಗೆ ಕಪ್ಪು ಹಚ್ಚಿದರು, ಹಿಂಭಾಗದಲ್ಲಿ ಒಂದು ಹಳೆ ಫಿರಂಗಿ ಕೂರಿಸಿದರು. "ಆ ಫಿರಂಗಿ ಹಡಗಿಗಿಂತ ದೊಡ್ಡ ಮುದುಕ," ಎಂದು ಹೇಳಿ ತಾವೇ ಕೈ ಆಡಿಸಿದರು. "ಅದು ಬೇಡ, ಹೊಡೀಬೇಡಿ. ಮುಂದೆ ಹೋಗುವ."

'ಮುಂದೆ ಹೋಗುವ' ಎನ್ನುವುದು ಅವರ ಪಲ್ಲವಿ. ಬಸ್ಸಿನಲ್ಲೂ ಹಾಗೆಯೇ. ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಲ್ಲುತ್ತಿದ್ದರು. ಕಂಡಕ್ಟರು, "ಒಳಗೆ ಬನ್ನಿ ಮಾರಾಯ್ರೆ" ಎಂದರೆ, "ನೀನು ಬೆಲ್ಲು ಹೊಡಿ, ಮುಂದೆ ಹೋಗುವ" ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ಎಲೆ ಹಾಕಿದರೆ ಅರ್ಧ ಊಟಕ್ಕೆ ಎದ್ದುಬಿಡುವರು. ಕಾರ್ಖಾನೆಯಲ್ಲಿ ಮಾತ್ರ ಇದು ಉಪಕಾರವೇ ಆಗಿತ್ತಂತೆ. ಗೂಡಿನ ಸುತ್ತ ಸುತ್ತುತ್ತಲೇ ಇದ್ದು, ಬೆಂಕಿಯ ಸದ್ದಿನಿಂದಲೇ ಯಾವ ಮೂಲೆಯ ಹಂಚು ಹಸಿಯಿದೆ ಎಂದು ಹೇಳುತ್ತಿದ್ದರಂತೆ.

ಎಪ್ಪತ್ತನಾಲ್ಕರ ನೆರೆಯಲ್ಲಿ ನೇತ್ರಾವತಿ ಪೇಟೆಯೊಳಗೆ ನುಗ್ಗಿದಾಗ ನಡೆದದ್ದನ್ನು ನಾನೇ ಕಂಡಿದ್ದೆ. ಬೀದಿಯಲ್ಲಿ ದೋಣಿ ಬಂತು. ಸಮುದ್ರವನ್ನೇ ಗೆದ್ದವರು ನೀವು, ಒಂದು ಹುಟ್ಟು ಹಿಡಿಯಿರಿ ಎಂದು ಜನ ಅವರನ್ನು ಕರೆದರು. ಅವರು ದೋಣಿಯ ಅಂಚಿಗೆ ಕೈ ಇಟ್ಟರು, ತೆಗೆದರು, ಹಿಂದೆ ಸರಿದರು. ಆಮೇಲೆ ನಮ್ಮ ಪಕ್ಕದ ಮನೆಯ ಅಜ್ಜಿಯೊಬ್ಬರನ್ನು ಬೆನ್ನ ಮೇಲೆ ಹೊತ್ತು, ನೀರಿಲ್ಲದ ಸುತ್ತುದಾರಿಯಲ್ಲಿ ಗುಡ್ಡ ಹತ್ತಿ ಬಿಟ್ಟುಬಂದರು. ಮತ್ತೆ ಬಂದು ಇನ್ನಿಬ್ಬರನ್ನು ಹೊತ್ತರು. ದೋಣಿಗೆ ಮಾತ್ರ ಕಾಲಿಡಲಿಲ್ಲ. ಅಷ್ಟು ಕಂಡವರಿಗೆ ನೀರೆಂದರೆ ಸಾಕಾಗಿರಬೇಕು ಎಂದು ನಾವೆಲ್ಲ ಅಂದುಕೊಂಡೆವು.

ಚರಿತ್ರೆ ಬೆಳೆದು ಹನ್ನೊಂದು ಪುಟವಾಯಿತು. ಉಳಿದದ್ದು ಕೊನೆಯ ಪ್ರಯಾಣ. ಆ ದಿನ ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತು ಹೇಳತೊಡಗಿದರು. ಎರಡು ವಾಕ್ಯವಾಗುವಾಗಲೇ ನನ್ನ ಪೆನ್ನು ನಿಂತಿತು. ಅದು ಹೈಸ್ಕೂಲಿನ ಭಾಷಣ. ಒಂದಕ್ಷರ ಆಚೀಚೆ ಇಲ್ಲ.

"ಮಾಮ, ಆ ದಿನ ನೀವು ಯಾವ ಪಾಳಿಯಲ್ಲಿದ್ದಿರಿ?"

ಅವರು ಕಿಟಕಿ ಬಿಟ್ಟು ಬಾಗಿಲಿನ ಕಡೆ ನಡೆದರು.

"ಹಡಗಿನಲ್ಲಿ ಎಂತ ಸಾಮಾನಿತ್ತು?"

"ಮ್ಯಾಂಗನೀಸ್ ಅದಿರು. ಅದಿರು ತುಂಬಿದ ಹಡಗು ಏಟು ತಿಂದರೆ ತೇಲುವುದಿಲ್ಲ ಟೀಚರ್, ಕಲ್ಲಿನ ಹಾಗೆ ಹೋಗ್ತದೆ. ಅಷ್ಟು ಹಾಕಿ. ಮುಂದೆ ಹೋಗುವ."

ಹೇಸರಗತ್ತೆಯ ಒದೆತದ ಸದ್ದನ್ನೂ ಮರೆಯದ ಮನುಷ್ಯನಿಗೆ ಹಡಗು ಮುಳುಗಿದ ದಿನದ ಒಂದು ವಾಸನೆಯೂ ನೆನಪಿಲ್ಲ. ನನಗೆ ವಿಚಿತ್ರವೆನಿಸಿತು. ಆದರೆ ನೋವಿನ ಜಾಗ, ಕೆದಕಬಾರದು ಎಂದು ಸುಮ್ಮನಾದೆ. ಕೊನೆಗೆ ಹಡಗಿನ ಕಂಪನಿಗೆ ಒಂದು ಕಾಗದವನ್ನೂ ಜೊತೆಗೆ ಸೇರಿಸಬೇಕೆಂದರು: ಹಡಗು ಯಾವಾಗ ಕಟ್ಟಿದ್ದು, ಎಲ್ಲಿ ಮುಳುಗಿತು, ಸತ್ತವರ ಪಟ್ಟಿ ಉಂಟೋ, ತಿಳಿಸಬೇಕು. ನಾನು ವಂದನೆಗಳನ್ನು ಟೈಪು ಮಾಡಿ ಕಾಗದ ಹೊರತೆಗೆಯುವಷ್ಟರಲ್ಲಿ ಅವರ ಕೈ ಮೆಷಿನ್ನಿನ ಮೇಲೆ ಬಂತು.

"ಇನ್ನೊಂದು ಕೇಳಿ. ಯಾರಾದರೂ ಬದುಕಿ ಉಳಿದರಾ ಅಂತ."

"ನೀವೇ ಉಳಿದಿದ್ದೀರಲ್ಲ?"

"ಬೇರೆ ಯಾರಾದರೂ ಅಂತ ಕೇಳಿ."

ಕಾಗದ ಹೋಯಿತು. ಆಮೇಲಿನ ಒಂದು ವರ್ಷ ಅವರು ನನ್ನನ್ನು ಕೂರಲು ಬಿಡಲಿಲ್ಲ. ವಿಳಾಸ ನನ್ನ ಕ್ಲಾಸಿನದ್ದಾದ್ದರಿಂದ ಅಂಚೆಯವನು ಬರುವ ಹೊತ್ತಿಗೆ ಬೀದಿಯ ತುದಿಯಲ್ಲಿ ಅವರು ಕಾಣಿಸುತ್ತಿದ್ದರು. ಇಲ್ಲವೆಂದು ನಾನು ಮೇಲಿಂದ ಕೈಸನ್ನೆ ಮಾಡಿದರೆ ತಲೆಯಾಡಿಸಿ ಮೆಲ್ಕಾರ್ ಕಡೆಗೆ ನಡೆದೇಬಿಡುವರು. ಕೊನೆಗೊಂದು ದಿನ ದಪ್ಪ ಲಕೋಟೆ ಬಂತು. ಆ ಕಂಪನಿ ಎಂದೋ ಮುಚ್ಚಿಹೋಗಿತ್ತು. ಹಳೆಯ ದಾಖಲೆಗಳನ್ನು ಕಾಯುವ ಒಬ್ಬ ನಿವೃತ್ತ ಗುಮಾಸ್ತರ ಕೈಗೆ ನಮ್ಮ ಕಾಗದ ಸುತ್ತಿ ಸುತ್ತಿ ತಲುಪಿತ್ತು. ಪಾಪ, ಶ್ರದ್ಧೆಯ ಮನುಷ್ಯ. ಹಡಗನ್ನು ಕಟ್ಟಿದ ಊರು, ತೂಕ, ಎರಡು ಸಲ ಮಾಲೀಕರು ಬದಲಾದದ್ದು, ಯುದ್ಧಕ್ಕೆ ಸರಕಾರ ವಹಿಸಿಕೊಂಡದ್ದು ಎಲ್ಲವನ್ನೂ ಬರೆದಿದ್ದರು. ಉದ್ದದ ಕಡೆ ಒಂದು ಸಾಲು: ನಿಮ್ಮ ಹೆಜ್ಜೆಯ ಲೆಕ್ಕ ಬಹುತೇಕ ಸರಿಯಾಗಿದೆ. ಕೊನೆಗೆ ಬದುಕಿದವರ ಪಟ್ಟಿ, ಸತ್ತವರ ಪಟ್ಟಿ.

ಅವರು ಬರುವ ಮೊದಲೇ ನಾನು ಓದಿಬಿಟ್ಟಿದ್ದೆ. ಓದಿ ನಕ್ಕಿದ್ದೆ ಕೂಡ. ಅವರು ಬಂದಾಗ ಹೇಳಿದೆ: "ಮಾಮ, ಬಿಲಾತಿಯವರು ನಿಮ್ಮನ್ನು ಸಾಯಿಸಿದ್ದಾರೆ. ಸತ್ತವರ ಪಟ್ಟಿಯಲ್ಲಿ ನಿಮ್ಮ ಹೆಸರುಂಟು. ಬಂಟ್ವಾಳ ಅಂತ ಊರೂ ಉಂಟು. ತಪ್ಪು ಅಂತ ಬರೆಯುವ."

"ಬದುಕಿದವರನ್ನು ಓದಿ."

ಓದಿದೆ. ಹನ್ನೊಂದು ಜನ. ಕೆಳಗೆ ಬೆಂಕಿಯ ಹತ್ತಿರ ಕೆಲಸ ಮಾಡುವವರಲ್ಲಿ ಒಬ್ಬರೂ ಇರಲಿಲ್ಲ.

ಅವರು ಹುಡುಗಿಯರು ಕೂರುವ ಬೆಂಚಿನ ಮೇಲೆ ಕೂತರು. "ತಪ್ಪಲ್ಲ ಟೀಚರ್. ಅವರಿಗೆ ಗೊತ್ತಿದ್ದ ಹಾಗೆ ಸರಿಯಾಗಿಯೇ ಬರೆದಿದ್ದಾರೆ. ನಾನು ಆ ಟ್ರಿಪ್ಪಿಗೆ ಹೋಗಿಲ್ಲ."

ಆಮೇಲೆ ನಿಧಾನವಾಗಿ, ಹೈಸ್ಕೂಲಿನ ಭಾಷಣದ ಯಾವ ಲಯವೂ ಇಲ್ಲದೆ, ಹೇಳಿದರು.

ಅದರ ಹಿಂದಿನ ಪ್ರಯಾಣದಲ್ಲಿ ಸಾಲಾಗಿ ಹೋಗುತ್ತಿದ್ದ ಹಡಗುಗಳಲ್ಲಿ ಇವರ ಮುಂದಿನದು ಉರಿದುಹೋಗಿತ್ತು. ನೀರಿನಲ್ಲಿದ್ದವರು ಕೈ ಎತ್ತಿದರು. ನಿಲ್ಲಬಾರದೆಂದು ಆಜ್ಞೆ, ಇವರ ಹಡಗು ನಿಲ್ಲದೆ ಅವರ ನಡುವೆಯೇ ಸಾಗಿತು. ಬೊಂಬಾಯಿಗೆ ಬಂದ ಮೇಲೆ ಇವರ ಕಾಲು ಹಡಗಿನ ಏಣಿ ಹತ್ತಲೊಪ್ಪಲಿಲ್ಲ. ಹತ್ತದಿದ್ದರೆ ಆಳುಗಳ ಮುಖ್ಯಸ್ಥನಾದ ಸಾರಂಗ ಇನ್ನು ಯಾವ ಹಡಗಿಗೂ ಸೇರಿಸುವುದಿಲ್ಲ. ಆಗ ಇವರಿದ್ದ ವಸತಿಯಲ್ಲಿ ಬೆಳ್ತಂಗಡಿ ಕಡೆಯ ತನಿಯಪ್ಪ ಎಂಬ ಹತ್ತೊಂಬತ್ತರ ಯುವಕನಿದ್ದ. ಹೋಟೆಲಿನಲ್ಲಿ ಪ್ಲೇಟು ತೊಳೆಯುತ್ತಿದ್ದ, ಹಡಗು ಸೇರುವ ಹುಚ್ಚು. ಆದರೆ ಹಡಗಿಗೆ ಸೇರಲು ಬೇಕಾದ ನಾವಿಕರ ಬುಕ್ಕು ಅವನಲ್ಲಿರಲಿಲ್ಲ.

"ಅವನೇ ಕೇಳಿದ. ಅಣ್ಣ, ನಿಮ್ಮ ಬುಕ್ಕು ಕೊಡಿ, ಒಂದು ಟ್ರಿಪ್ಪು ಹೋಗಿ ಬರ್ತೇನೆ ಅಂತ. ಅವನೇ ಕೇಳಿದ್ದು ನಿಜ. ಆದರೆ ಅವನು ಕೇಳುವ ಹಾಗೆ ನಾಲ್ಕು ದಿನ ಹಡಗಿನ ಹೊಗಳಿಕೆ ಹೇಳಿದ್ದು ನಾನು. ಉರಿದ ಹಡಗಿನ ಸುದ್ದಿ ಹೇಳಲಿಲ್ಲ."

ಬುಕ್ಕಿನಲ್ಲಿ ಫೋಟೊ ಇರಲಿಲ್ಲವಂತೆ. ಅಪ್ಪನ ಹೆಸರು, ಊರು, ಎಷ್ಟು ವರ್ಷದ ಕೆಲಸ, ಎಲ್ಲವನ್ನೂ ಇವರು ಅವನಿಗೆ ಬಾಯಿಪಾಠ ಮಾಡಿಸಿದರು. ಹಳೆಯ ಸಾರಂಗ ಬದಲಾಗಿ ಹೊಸಬ ಬಂದಿದ್ದ, ಆಳುಗಳೂ ಹೊಸಬರು, ಮುಖ ಗುರುತಿಸುವವರಿರಲಿಲ್ಲ. ಇವರು ಬಂದರಿನ ಹೊರಗೆ, ಜನರ ಹಿಂದೆ ನಿಂತಿದ್ದರು.

"ಸಾರಂಗ ನನ್ನ ಹೆಸರು ಕರೆದ. ಅವನು ಹಾಂ ಅಂತ ಕೈ ಎತ್ತಿದ. ಏಣಿ ಹತ್ತಿದ. ತಿರುಗಿ ನೋಡಲಿಲ್ಲ, ನೋಡಿದರೆ ಗೊತ್ತಾದೀತು ಅಂತ ನಾನೇ ಹೇಳಿಕೊಟ್ಟಿದ್ದೆ."

ಕೆಲವು ವಾರಗಳಲ್ಲಿ ಹಡಗು ಹೋದ ಸುದ್ದಿ ಬಂತು. ಎರಡು ತಿಂಗಳು ಬೊಂಬಾಯಿಯ ಒಂದು ಲಾಂಡ್ರಿಯಲ್ಲಿ ತಲೆ ಮರೆಸಿಕೊಂಡಿದ್ದು, ತಡೆಯಲಾರದೆ ಊರಿಗೆ ಬಂದರೆ ಮನೆಯಲ್ಲಿ ಅವರ ಬೊಜ್ಜ, ಸತ್ತವರಿಗೆ ಮಾಡುವ ಕ್ರಿಯೆ, ಮುಗಿದಿತ್ತು. ತಾಯಿ ಅಂಗಳದಲ್ಲಿ ಅವರ ಕಾಲು ಮುಟ್ಟಿ ಮುಟ್ಟಿ ನೋಡಿದರಂತೆ. ಸೇರಿದ ಜನರಲ್ಲಿ ಯಾರೋ, "ಈಜಿ ಬಂದೆಯಾ?" ಎಂದರು. ಇವರು ಹೌದೆಂದರು. ಉಳಿದ ಕಥೆಯನ್ನು ಊರೇ ಕಟ್ಟಿತು. ಹಲಗೆಯನ್ನು ಒದಗಿಸಿದ್ದು ಯಾರೆಂದು ಅವರಿಗೇ ನೆನಪಿರಲಿಲ್ಲ.

"ಅವನನ್ನು ಯಾವುದಾದರೂ ಹಡಗು ಎತ್ತಿ ಎಲ್ಲಿಯಾದರೂ ಇಳಿಸಿರಬಹುದು ಅಂತ ಇಷ್ಟು ವರ್ಷ ಲೆಕ್ಕ ಹಾಕಿದೆ. ಇನ್ನು ಅದೂ ಇಲ್ಲ." ಎದ್ದರು. "ಟೀಚರ್, ಪಟ್ಟಿಯಲ್ಲಿ ನನ್ನ ಹೆಸರು ತೆಗೆದು ಅವನದ್ದು ಹಾಕ್ಲಿಕ್ಕೆ ಬರೆಯಿರಿ."

"ಅವನ ಅಪ್ಪನ ಹೆಸರೆಂತ?"

ಅವರಿಗೆ ಗೊತ್ತಿರಲಿಲ್ಲ. ಅಪ್ಪನ ಹೆಸರಿಲ್ಲದೆ ಯಾವ ಕಚೇರಿ ಒಪ್ಪುತ್ತದೆ? ಅದನ್ನು ಕೇಳಲೆಂದೇ ನಾವು ಬೆಳ್ತಂಗಡಿಗೆ ಹೋದದ್ದು. ಹೋಗುವ ಮುಂಚೆ ಮನೆಯಲ್ಲಿ ಹೇಳಿಬಿಡಿ ಎಂದಿದ್ದೆ. ಮರುದಿನ ಅವರ ಹೆಂಡತಿಯನ್ನು ಕಾಣಲು ನಾನೇ ಹೋದೆ, ಹೆದರಿಕೊಂಡು. ಆಕೆ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಹೇಳಿದರು. ನನಗೆ ಹೊಸತೇನಲ್ಲ ಟೀಚರ್. ಮದುವೆಯಾದ ವರ್ಷ ಹೊಳೆಯಲ್ಲಿ ಮಿಂದು ಬರಲಿಕ್ಕೆ ಹೋಗಿದ್ದೆವು. ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಲಿಲ್ಲ ಇವರು. ಈಜು ಬರುವುದಿಲ್ಲ. ಎರಡು ದಿನ ಸಮುದ್ರದಲ್ಲಿ ಇದ್ದರಂತೆ."

"ಮತ್ತೆ ನೀವು ಕೇಳಲಿಲ್ಲವಾ?"

"ಕೇಳಿದರೆ ಇನ್ನೊಂದು ಸುಳ್ಳು ಹೇಳಬೇಕಾಗ್ತಿತ್ತು ಅವರಿಗೆ," ಎಂದು ದಾರ ಸುತ್ತಿ ತುಂಡರಿಸಿದರು.

ಬೆಳ್ತಂಗಡಿಯ ಬಸ್ಸಿನಲ್ಲಿ ಅವರು ಪುಂಜಾಲಕಟ್ಟೆಯವರೆಗೂ ನಿಂತೇ ಬಂದರು, ಮಡಂತ್ಯಾರಿನಲ್ಲಿ ಇಳಿದುಬಿಡುವ ಎಂದರು, ನಾನು ಅಂಗಿಯ ತೋಳು ಹಿಡಿದು ನಿಲ್ಲಿಸಿದೆ. ತನಿಯಪ್ಪನ ಮನೆ ಅವರಿಗೆ ಗೊತ್ತಿತ್ತು. ಯುದ್ಧ ಮುಗಿದ ವರ್ಷ ಒಮ್ಮೆ ಬೇಲಿಯ ತಡಮೆಯವರೆಗೆ ಬಂದು, ಒಳಗೆ ಯಾರೋ ಕೆಮ್ಮಿದ್ದು ಕೇಳಿ ತಿರುಗಿ ಓಡಿದ್ದರಂತೆ. ಈಗ ಅಲ್ಲಿದ್ದವಳು ತಂಗಿ ಒಬ್ಬಳೇ. ವಿಧವೆ, ಆಸ್ಪತ್ರೆಯಲ್ಲಿ ಆಯಾ ಕೆಲಸ. ಮನೆಗೆ ಬೀಗ ಹಾಕಿತ್ತು; ಎರಡು ಗಂಟೆಗೆ ಬರುತ್ತಾಳೆಂದು ನೆರೆಮನೆಯವರು ಹೇಳಿದರು. ನಾನು ಜಗಲಿಯಲ್ಲಿ ಕೂತೆ. ಅವರು ಆ ಬಿಸಿಲಿನಲ್ಲಿ ಅಂಗಳದ ಉದ್ದಗಲ ಅಳೆಯುತ್ತಾ ನಡೆದರು. ಎರಡು ಸಲ ತಡಮೆ ದಾಟಿ ರಸ್ತೆಯವರೆಗೆ ಹೋದರು, ಎರಡು ಸಲವೂ ಮರಳಿದರು.

ಆಕೆ ಬಂದಳು. ಐವತ್ತರ ಹೆಂಗಸು, ನೀಲಿ ಅಂಚಿನ ಬಿಳಿ ಸೀರೆ. ಮಾತು ಹೇಗೆ ಸುರುಮಾಡಬೇಕೆಂದು ನಾನು ಯೋಚಿಸಿಕೊಂಡು ಬಂದಿದ್ದೆ. ಅದಕ್ಕೆ ಅವಕಾಶವೇ ಆಗಲಿಲ್ಲ. ಆಕೆ ಬೀಗ ತೆಗೆಯುವ ಮುಂಚೆಯೇ ಅವರು ನಿಂತಲ್ಲಿಂದ ಎಲ್ಲವನ್ನೂ ಹೇಳಿದರು, ಹಡಗಿನ ಹೊಗಳಿಕೆಯನ್ನೂ, ಹೇಳದೆ ಬಿಟ್ಟ ಬೆಂಕಿಯನ್ನೂ.

ಆಕೆ ಕೀಲಿಕೈ ಹಿಡಿದುಕೊಂಡೇ ಕೇಳಿದಳು. ಮುಗಿದ ಮೇಲೆ ಕೇಳಿದಳು: "ನಿಮ್ಮ ಊರು ಎಲ್ಲಿ?"

"ಬಂಟ್ವಾಳ."

"ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ."

ಅವರು ತಲೆ ತಗ್ಗಿಸಿದರು.

"ಅಣ್ಣ ಬೊಂಬಾಯಿಯಲ್ಲಿ ಯಾರನ್ನೋ ಕಟ್ಟಿಕೊಂಡು ನಮ್ಮನ್ನು ಮರೆತ ಅಂತ ನಾನು ಅವನಿಗೆ ಶಾಪ ಹಾಕಿದ್ದೇನೆ. ಅಮ್ಮ ಹಾಕಲಿಲ್ಲ. ಬಸ್ಸು ನಿಂತ ಸದ್ದಾದರೆ ಹೊರಗೆ ಬರ್ತಿದ್ದಳು. ಅಮ್ಮ ಸತ್ತದ್ದು ಹೋದ ವರ್ಷದ ಹಿಂದಿನ ವರ್ಷ. ನೀವು ಆ ಒಂದೂವರೆ ಗಂಟೆ ಬರಲಿಲ್ಲ."

ಅವರು ಏನೋ ಹೇಳಲು ಹೋದರು. ಆಕೆ ಅವರ ಕಡೆ ನೋಡದೆ ನನ್ನತ್ತ ತಿರುಗಿದಳು. "ಬರೆದುಕೊಳ್ಳಿ ಟೀಚರ್. ತನಿಯಪ್ಪ. ಅಪ್ಪನ ಹೆಸರು ದೇಜು." ನಾನು ಬರೆದುಕೊಂಡೆ. ಆಮೇಲೆ ಅವರಿಗೆ ಹೇಳಿದಳು: "ಅಣ್ಣನ ಬೊಜ್ಜ ಮಾಡಬೇಕು. ದಿನ ನೋಡಿ ತಿಳಿಸ್ತೇನೆ. ನೀವು ಬರಬೇಕು. ನನಗೆ ಹೇಳಿದ್ದನ್ನು ನಮ್ಮವರೆಲ್ಲರ ಮುಂದೆ ಹೇಳಬೇಕು." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಬೇಕಾ ಎಂದು ಕೇಳಲಿಲ್ಲ, ನಾವೂ ನಿರೀಕ್ಷಿಸಿರಲಿಲ್ಲ.

ಅವರು ಹೋದರು. ಹೋಗುತ್ತಾರೆಂದು ನನಗೆ ನಂಬಿಕೆಯಿರಲಿಲ್ಲ, ನಾನೂ ಜೊತೆಗಿದ್ದೆ. ಮೂವತ್ತು ನಲವತ್ತು ಜನ ಸೇರಿದ್ದರು. ಅಂಗಳದ ನಡುವೆ ನಿಂತು ಮೊದಲಿನಿಂದ ಹೇಳುತ್ತಾ, ಏಣಿ ಹತ್ತಿದ ಜಾಗಕ್ಕೆ ಬಂದಾಗ ಆ ಕುಟುಂಬದ ಒಬ್ಬ ಗಂಡಸು ಎದ್ದುಬಂದು ಎದೆಗೆ ಕೈಯಿಟ್ಟು ನೂಕಿದ. ಅವರು ಹಿಮ್ಮುಖವಾಗಿ ಬಿದ್ದರು. ನಾನು ಎತ್ತಲು ಓಡಿದೆ. ತಂಗಿ ಜಗಲಿಯಿಂದ ಇಳಿಯಲಿಲ್ಲ, ಆದರೆ ದನಿ ಎತ್ತಿ ಹೇಳಿದಳು: "ಅವರು ಹೇಳಿ ಮುಗಿಸಲಿ." ಅವರು ಅಂಗಿಯ ಮಣ್ಣು ಕೂಡ ಕೊಡವದೆ ನಿಂತು ಮುಗಿಸಿದರು.

ಸುದ್ದಿ ನಮಗಿಂತ ಮೊದಲೇ ಬಂಟ್ವಾಳಕ್ಕೆ ಬಂದಿತ್ತು. ಚಾದಂಗಡಿಯಲ್ಲಿ ಅವರು ಹೊಕ್ಕರೆ ಮಾತು ನಿಲ್ಲುತ್ತಿತ್ತು. ಕೆಲವರು ಮುಖದೆದುರೇ ಬೈದರು. ಹುಡುಗನನ್ನು ಕಳಿಸಿದ್ದಕ್ಕಿಂತ, ಸುಳ್ಳು ಹೇಳಿ ನಮ್ಮನ್ನು ಮೂರ್ಖರನ್ನಾಗಿ ಮಾಡಿದರಲ್ಲ ಎಂಬ ಸಿಟ್ಟೇ ಹೆಚ್ಚಿನವರಿಗಿತ್ತು. ಆ ವರ್ಷ ಹೈಸ್ಕೂಲಿನಿಂದ ಕರೆ ಬರಲಿಲ್ಲ. ನನಗೆ ಬೇಸರವಾಯಿತು. ಅವರು ಮಾತ್ರ, "ಕರೆಯಬಹುದಿತ್ತು ಟೀಚರ್. ಹೇಳ್ಲಿಕ್ಕೆ ಏನಾದರೂ ಇರುವುದು ಈಗ," ಎಂದು ಕಿಟಕಿಯ ಕಡೆ ನಡೆದರು.

ತನಿಯಪ್ಪನ ಹೆಸರು ಹಾಕಲು ಕೇಳಿ ಬರೆದಿದ್ದ ಕಾಗದಕ್ಕೆ ಬಿಲಾತಿಯ ಗುಮಾಸ್ತರಿಂದಲೂ ಉತ್ತರ ಬಂತು. ಇಷ್ಟು ಕಾಲದ ನಂತರ ಪಟ್ಟಿಯನ್ನು ತಿದ್ದಲು ತಮಗೆ ಅಧಿಕಾರವಿಲ್ಲ, ಆದರೆ ನಿಮ್ಮ ಕಾಗದವನ್ನು ಅದೇ ಪಟ್ಟಿಯ ಪಕ್ಕದಲ್ಲಿ ಹೊಲಿದು ಇಟ್ಟಿದ್ದೇನೆ, ಮುಂದೆ ಆ ಹಡಗಿನ ಚರಿತ್ರೆ ತೆರೆದವರು ಎರಡನ್ನೂ ಓದಲೇಬೇಕು ಎಂದಿದ್ದರು.

"ಹಾಗಾದರೆ ಅಲ್ಲಿ ನಾನು ಸತ್ತವನೇ?"

"ಅಲ್ಲಿ ಹೌದು ಮಾಮ."

ಅವರು ನಕ್ಕರು. ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ಕಂಡದ್ದು ಅದೊಂದೇ ಸಲ. ಆಮೇಲೆ ಹನ್ನೆರಡನೆಯ ಪುಟವನ್ನು ಹೊಸದಾಗಿ ಹೊಡೆಯಲು ಹೇಳಿದರು. ಹಲಗೆ, ಎರಡು ದಿನ, ತೆರೆಗಳು, ಎಲ್ಲ ಹೋಯಿತು. ಉಳಿದದ್ದು ಮೂರು ಸಾಲು. ದೇಜುವಿನ ಮಗ ತನಿಯಪ್ಪ ನನ್ನ ಹೆಸರಿನಲ್ಲಿ ಈ ಹಡಗು ಹತ್ತಿದ. ನಾನು ದಡದಲ್ಲಿದ್ದೆ. ಮುಂದಿನದು ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಆದ ಮೇಲೆ ಅವರಿಗೆ ನೆಮ್ಮದಿ ಸಿಕ್ಕಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಮೊದಲಿಗಿಂತ ಹೆಚ್ಚು ನಡೆಯತೊಡಗಿದರು. ಎಂಬತ್ತಮೂರರಲ್ಲಿ ನನಗೆ ಮೂಡುಬಿದಿರೆಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸವಾಯಿತು, ಕ್ಲಾಸು ಮುಚ್ಚಿದೆ. ಅವರು ಸಿದ್ಧಕಟ್ಟೆಯ ಬಸ್ಸು ಹಿಡಿದು ಅಲ್ಲಿಗೂ ಬರುತ್ತಿದ್ದರು. ಮೂರನೇ ಪುಟದಲ್ಲಿ ಒಲೆಬಾಯಿಯ ಬಾಗಿಲು ಎಡಗಡೆಯದ್ದಲ್ಲ, ಬಲಗಡೆಯದ್ದು, ತಿದ್ದಬೇಕು ಎನ್ನುವರು. ನಾನು ತಿದ್ದುತ್ತಿದ್ದೆ. ಒಂದು ತಿಂಗಳ ಮೇಲೆ ಬಂದು, ಇಲ್ಲ, ಎಡಗಡೆಯದ್ದೇ ಎನ್ನುತ್ತಿದ್ದರು. ಆಫೀಸಿನವರಿಗೆ ತಮಾಷೆ. ನನಗೂ ಕೆಲವೊಮ್ಮೆ ರೇಗುತ್ತಿತ್ತು. ಒಂದು ಸಲ, "ಎಡವಾದರೆಂತ ಬಲವಾದರೆಂತ ಮಾಮ, ಹಡಗು ಸಮುದ್ರದಡಿಯಲ್ಲಿ ಉಂಟಲ್ಲ" ಎಂದುಬಿಟ್ಟೆ. ಅವರು ಹೇಳಿದರು: "ಆ ಬಾಗಿಲಿನ ವಿಷಯ ಅವನಿಗೆ ಹೇಳಿಕೊಟ್ಟದ್ದು ನಾನು. ಕೈ ಸುಟ್ಟುಕೊಳ್ಳದ ಹಾಗೆ. ತಪ್ಪು ಕಡೆ ಹೇಳಿದ್ದೇನಾ ಅಂತ." ಆಮೇಲೆ ಅವರು ಎಷ್ಟು ಸಲ ಹೇಳಿದರೂ ನಾನು ತಿದ್ದಿಕೊಟ್ಟೆ.

ಮೂಡುಬಿದಿರೆಗೆ ಬಾರದ ತಿಂಗಳಲ್ಲಿ ಬೆಳ್ತಂಗಡಿಗೆ ಹೋಗುತ್ತಿದ್ದರೆಂದು ಅವರ ಹೆಂಡತಿಯಿಂದ ತಿಳಿಯಿತು. ತಂಗಿ ಅವರೊಡನೆ ಮಾತಾಡುತ್ತಿರಲಿಲ್ಲವಂತೆ. ಇವರು ಅಂಗಳದಲ್ಲಿ ನಿಂತು ತನಿಯಪ್ಪನ ಬಗ್ಗೆ ನೆನಪಾದ ಒಂದೆರಡು ಮಾತು ಹೇಳುವರು. ಅವನು ವಸತಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನೀರು ತುಂಬುತ್ತಿದ್ದ, ಬೊಂಬಾಯಿಯ ಅನ್ನ ಅವನಿಗೆ ಸೇರುತ್ತಿರಲಿಲ್ಲ, ಹೀಗೆ. ಆಕೆ ಒಳಗೆ ಪಾತ್ರೆ ತೊಳೆಯುತ್ತಲೋ ಬಟ್ಟೆ ಮಡಚುತ್ತಲೋ ಇರುವಳು. ಹೋಗಿ ಎಂದೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ.

ಎಂಬತ್ತಾರರ ಬೇಸಗೆಯಲ್ಲಿ ಸಿದ್ಧಕಟ್ಟೆ ಬಸ್ಸಿನ ಕಂಡಕ್ಟರು ಆಫೀಸಿಗೆ ಬಂದು ಸುದ್ದಿ ಮುಟ್ಟಿಸಿದರು. ಪಾಣೆಮಂಗಳೂರಿನ ಸೇತುವೆಯ ಮೇಲೆ ನಡೆಯುತ್ತಾ ಹೋಗುವಾಗ ಎದೆ ಹಿಡಿದು ಕುಸಿದಿದ್ದರು.

ಬೊಜ್ಜದ ದಿನ ನಾನು ಬಂಟ್ವಾಳಕ್ಕೆ ಹೋದೆ. ಜನ ಹೆಚ್ಚಿರಲಿಲ್ಲ. ಕಾರ್ಖಾನೆಯ ನಾಲ್ಕೈದು ಮಂದಿ, ನೆಂಟರು ಕೆಲವರು. ಹಿತ್ತಿಲಿನಲ್ಲಿ ಅವರ ಹೆಂಡತಿಯ ಪಕ್ಕ ಕೂತು ಬಾಳೆಎಲೆ ಒರೆಸುತ್ತಿದ್ದವಳನ್ನು ಕಂಡು ನಾನು ತಡೆದು ನಿಂತೆ. ತನಿಯಪ್ಪನ ತಂಗಿ. ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದಳಂತೆ. ಅವಳ ಪಕ್ಕ ಕೂತು ನಾನೂ ಒಂದು ಎಲೆ ಎತ್ತಿಕೊಂಡೆ. "ನೀವು ಬಂದದ್ದು ಒಳ್ಳೆಯದಾಯಿತು. ಅವರ ಮೇಲಿನ ಸಿಟ್ಟು ಹೋಯಿತಲ್ಲ," ಎಂದೆ.

"ಎಲ್ಲಿ ಹೋಯಿತು?" ಅವಳು ಎಲೆಯ ನಾರು ಕೀಳುತ್ತಾ ಹೇಳಿದಳು. "ಅದು ಉಂಟು ಟೀಚರ್. ಇರ್ತದೆ."

ಒರೆಸಿದ ಎಲೆಯನ್ನು ಕಟ್ಟಿನ ಮೇಲಿಟ್ಟು ಇನ್ನೊಂದನ್ನು ತೆಗೆದುಕೊಂಡಳು.

"ನಮ್ಮಣ್ಣನನ್ನು ಕಂಡು ನೆನಪಿಟ್ಟುಕೊಂಡವರು ಅಂತ ಉಳಿದದ್ದು ಇಬ್ಬರೇ, ಇವರು ಮತ್ತು ನಾನು. ಇವತ್ತಿನಿಂದ ನಾನೊಬ್ಬಳೇ."